ದ್ವೀಪದ ಬಂಡೆಯ ಮೇಲೆ ಮಾವನವರ ಪಂಚೆ

ಮುದ್ರಣದ ವಿಷಯದಲ್ಲಿ ನಾನು ಬಹಳ ಎಚ್ಚರದ ಮನುಷ್ಯ. ದಿಲ್ಲಿಯ ಓಖ್ಲಾದ ಪ್ರೆಸ್ಸೊಂದರಲ್ಲಿ ಪುಟ ವಿನ್ಯಾಸ ನನ್ನ ಕೆಲಸ. ಒಂದು ಗೆರೆ ಕೂದಲೆಳೆಯಷ್ಟು ಜರುಗಿದರೂ ನನಗೆ ಊಟ ಸೇರುವುದಿಲ್ಲ. ಆದ್ದರಿಂದಲೇ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪವೊಂದರ ಪ್ರವಾಸಿ ಕೈಪಿಡಿಯ ಕೆಲಸ ಬಂದಾಗ ಮಾಲೀಕರಾದ ಖನ್ನಾ ಸಾಹೇಬರು ಅದನ್ನು ನನಗೇ ಒಪ್ಪಿಸಿದರು. ಈ ಗಿರಾಕಿ ಹೋದರೆ ಅವರ ಹಿಂದೆಯೇ ನಾನೂ ಹೋಗಬಹುದೆಂದು ನಗುತ್ತ ಹೇಳಿದರು. ಖನ್ನಾ ಸಾಹೇಬರು ನಗುತ್ತ ಹೇಳಿದ್ದನ್ನೆಲ್ಲ ಮಾಡಿ ತೋರಿಸಿದವರು.

ಸಮುದ್ರದಿಂದ ನೇರ ಎದ್ದು ನಿಂತ ಜೋಡಿ ಶಿಖರಗಳು, ಕಾರಿನಲ್ಲೇ ಅಂಚಿನವರೆಗೆ ಹೋಗಬಹುದಾದ ಜ್ವಾಲಾಮುಖಿ, ಕುದಿಯುವ ಗಂಧಕದ ಬುಗ್ಗೆಗಳು, ಮೊಟ್ಟೆಯಿಡಲು ದಡಕ್ಕೆ ಬರುವ ಆಮೆಗಳು, ಎಲ್ಲವೂ ತಮ್ಮ ತಮ್ಮ ಪುಟದಲ್ಲಿ ಶಿಸ್ತಾಗಿ ಕುಳಿತವು. ಜಲಪಾತ ಮಾತ್ರ ಕೂರಲಿಲ್ಲ. ಗಿರಾಕಿ ಕೊಟ್ಟ ಸಿ.ಡಿ.ಯಲ್ಲಿ ಆ ಒಂದು ಚಿತ್ರ ತೆರೆಯಲೇ ಇಲ್ಲ.

ಬೇರೆ ಪ್ರತಿ ಬರುವವರೆಗೆ ಜಾಗ ಖಾಲಿ ಬಿಡಬಾರದೆಂದು ನನ್ನ ಕಂಪ್ಯೂಟರಿನಲ್ಲಿದ್ದ ಇನ್ನೊಂದು ಜಲಪಾತವನ್ನು ತಾತ್ಕಾಲಿಕವಾಗಿ ಅಲ್ಲಿ ಕೂರಿಸಿದೆ. ನನ್ನ ಹೆಂಡತಿ ಶೈಲಾಳ ತವರು ಕುಂದಾಪುರದ ಕಡೆ. ಅಲ್ಲಿನ ಕಾಡಿನ ಅಬ್ಬಿಗೆ ಮಾವನವರ ಜೊತೆ ಹೋಗಿದ್ದಾಗ ನಾನೇ ತೆಗೆದ ಚಿತ್ರವದು. ನೀರು ಎಲ್ಲ ದೇಶಗಳಲ್ಲೂ ಮೇಲಿನಿಂದ ಕೆಳಕ್ಕೇ ಬೀಳುತ್ತದೆ. ಒಂದು ದಿನದ ಮಟ್ಟಿಗೆ ಯಾರಿಗೇನು ತೊಂದರೆ?

ಮರುದಿನ ನನಗೆ ಜ್ವರ ಬಂತು. ಚೇತರಿಸಿಕೊಂಡು ಕೆಲಸಕ್ಕೆ ಹೋಗುವಷ್ಟರಲ್ಲಿ ಕೈಪಿಡಿ ಅಚ್ಚಾಗಿ, ಮಡಿಕೆಯಾಗಿ, ಪಿನ್ ಹೊಡೆಸಿಕೊಂಡು ಟೆಂಪೋ ಹತ್ತಿ ಹೋಗಿತ್ತು. ಪ್ರೂಫಿಗೆ ಸಹಿ ಹಾಕಿದ, ದ್ವೀಪವನ್ನೆಂದೂ ಕಂಡಿರದ ಗಿರಾಕಿ, ಎಲ್ಲಕ್ಕಿಂತ ಜಲಪಾತದ ಪುಟವೇ ಚೆನ್ನಾಗಿದೆ ಎಂದರಂತೆ. ಖನ್ನಾ ಸಾಹೇಬರು ಬೆನ್ನು ತಟ್ಟಿದರು. ಜ್ವರ ಮರುಕಳಿಸಿದಂತಾಯಿತು.

ಒಂದು ಪ್ರತಿಯನ್ನು ಮನೆಗೆ ತಂದೆ. ಪುಟ ತಿರುವುತ್ತಿದ್ದ ಶೈಲಾ ಜಲಪಾತದ ಹತ್ತಿರ ನಿಂತಳು. ಕನ್ನಡಕ ಹಾಕಿಕೊಂಡಳು.

"ಈ ಬಂಡೆ ಮೇಲೆ ಬೆಳ್ಳಗಿರೋದು ಏನ್ರೀ?"

"ನೊರೆ."

"ನೊರೆಗೆ ಕೆಂಪು ಅಂಚು ಇರತ್ತಾ?"

ನಾನು ಪುಟ ತಿರುವಲು ಕೈ ಚಾಚಿದೆ.

"ಪಾಸ್‌ಪೋರ್ಟ್ ಇಲ್ದೆ ನಮ್ಮಪ್ಪನ ಪಂಚೆ ಅಲ್ಲಿಗೆ ಹೆಂಗೆ ಹೋಯ್ತು?"

ಹರಿಯುವ ನೀರು ಕಂಡರೆ ಮುಳುಗು ಹಾಕದೆ ಬರುವವರಲ್ಲ ನಮ್ಮ ಮಾವ. ಅಂದೂ ಮಿಂದು, ಒದ್ದೆ ಪಂಚೆಯನ್ನು ಬಂಡೆಯ ಮೇಲೆ ಹರವಿ, ಒಣಗಿದ ಮೇಲೆ ತರುವ ಹೊಣೆಯನ್ನು ನನಗೆ ವಹಿಸಿ ಮುಂದೆ ನಡೆದಿದ್ದರು. ನಾನು ಫೋಟೊ ತೆಗೆಯುತ್ತ ಮರೆತೆ. ಕೇಳಿದಾಗ, ನಾನು ನೋಡುವಷ್ಟರಲ್ಲಿ ಬಂಡೆ ಖಾಲಿಯಾಗಿತ್ತು, ನೀರು ಒಯ್ದಿರಬೇಕು ಎಂದುಬಿಟ್ಟೆ. ಅವರು ನಂಬಲಿಲ್ಲ. ಇಂದಿಗೂ ಅವರ ಯಾವ ಫೋನೂ ಆ ಪಂಚೆಯ ವಿಚಾರಣೆಯಿಲ್ಲದೆ ಮುಗಿಯುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಮನೆಯೊಳಗಿನ ಮಾತಾಗಿರುತ್ತಿತ್ತು. ಆದರೆ ಜನಕಪುರಿಯಲ್ಲಿ ನಮ್ಮ ಮನೆಯ ಎದುರಿನ ಮಾರ್ಕೆಟ್ಟಿನಲ್ಲಿ ಸುಂದರ ಶೆಟ್ಟರ ಹೋಟೆಲಿದೆ. ಶೈಲಾಳ ಪಕ್ಕದ ಊರಿನವರು. ಚಿಕ್ಕಂದಿನಲ್ಲೇ ಹೋಟೆಲು ಕೆಲಸಕ್ಕೆಂದು ಊರು ಬಿಟ್ಟವರಿಗೆ ಊರಿನ ಗುಡ್ಡ ಹತ್ತಲು ಪುರುಸೊತ್ತೇ ಸಿಕ್ಕಿರಲಿಲ್ಲ. ಅವರ ಹೆಂಡತಿ ಗಿರಿಜಕ್ಕ ಒಮ್ಮೆಯಾದರೂ ವಿಮಾನ ಹತ್ತಿ ಪರದೇಶ ನೋಡಬೇಕೆಂದು ವರ್ಷಗಳಿಂದ ಕೇಳುತ್ತಿದ್ದರು. ಸಮುದ್ರ, ತೆಂಗಿನಮರ, ಮೀನು ನೋಡಲು ಅಷ್ಟು ದೂರ ಯಾಕೆ ಎಂಬುದು ಶೆಟ್ಟರ ಖಾಯಂ ಉತ್ತರ.

ಒಂದು ಸಂಜೆ ಕಾಫಿಗೆ ಹೋದಾಗ ಶೆಟ್ಟರು ಗಲ್ಲಾದಲ್ಲಿ ಕುಳಿತೇ ನಮ್ಮ ಕೈಪಿಡಿಯನ್ನು ಎತ್ತಿ ತೋರಿಸಿದರು. ಟ್ರಾವೆಲ್ ಏಜೆಂಟ್ ಕೊಟ್ಟನಂತೆ.

"ನಿಮ್ಮ ಪ್ರೆಸ್ಸಿಂದೇ ಅಂತೆ ಮಾರಾಯ್ರೆ. ಈ ಅಬ್ಬಿ ನೋಡಿ. ನಮ್ಮ ಕಡೆ ಇಂಥದ್ದು ಎಲ್ಲುಂಟು? ಇದಕ್ಕಾದ್ರೂ ಹೋಗ್ಲೇಬೇಕು ಅಂತ ಟಿಕೆಟ್‌ಗೆ ಹೇಳಿಬಿಟ್ಟೆ."

ಅಬ್ಬಿ ಅವರು ಹುಟ್ಟಿದ ಮನೆಯ ಹಿಂದಿನ ಗುಡ್ಡದಲ್ಲಿತ್ತು.

ಕಾಫಿ ಲೋಟ ಕೆಳಗಿಟ್ಟೆ. ನಿಜ ಹೇಳಿದರೆ ಶೆಟ್ಟರು ಏಜೆಂಟನಿಗೆ, ಏಜೆಂಟ್ ಗಿರಾಕಿಗೆ, ಗಿರಾಕಿ ಖನ್ನಾ ಸಾಹೇಬರಿಗೆ ಹೇಳುತ್ತಾರೆ; ಖನ್ನಾ ಸಾಹೇಬರು ನಗುತ್ತಾರೆ. ಹೇಳದಿದ್ದರೆ ಈ ಸಜ್ಜನರು ತಮ್ಮ ಹಿತ್ತಿಲಿನ ನೀರನ್ನು ಹುಡುಕಿಕೊಂಡು ಅರ್ಧ ಭೂಗೋಳ ಸುತ್ತುತ್ತಾರೆ. ರಾತ್ರಿಗಳು ನಿದ್ದೆಯಿಲ್ಲದೆ ಕಳೆದವು. ಶೈಲಾಳ ತೀರ್ಪು ಸರಳವಾಗಿತ್ತು.

"ಹೇಳಿಬಿಡಿ. ಕೆಲಸ ಹೋದ್ರೆ ಶೆಟ್ಟರ ಹೋಟೆಲಿಗೇ ಮೆನು ಕಾರ್ಡ್ ಮಾಡಿಕೊಂಡಿರಿ. ಚಿತ್ರ ಮಾತ್ರ ಹಾಕ್ಬೇಡಿ."

ಹೇಳಲೆಂದೇ ಒಂದು ಮಧ್ಯಾಹ್ನ ಹೋದೆ. ಹೋಟೆಲು ಖಾಲಿಯಿತ್ತು. "ಶೆಟ್ರೇ, ಆ ಅಬ್ಬಿ..." ಎನ್ನುವಷ್ಟರಲ್ಲಿ ಗಿರಿಜಕ್ಕ ಅಡುಗೆಮನೆಯಿಂದ ಇಣುಕಿ, ಸಾಂಬಾರಿನ ಉಪ್ಪು ನೋಡಿ ಹೇಳಬೇಕೆಂದು ನನ್ನನ್ನು ಒಳಗೆ ಕರೆದರು. ಒಳಗೆ ಹೋದ ಮೇಲೆ ಸೌಟು ಅವರ ಕೈಯಲ್ಲಿಯೇ ಇತ್ತು, ಸಾಂಬಾರಿನ ಮಾತು ಬರಲಿಲ್ಲ.

"ಹುಡುಗಿಯಾಗಿದ್ದಾಗ ಆ ಅಬ್ಬಿ ಬುಡದಿಂದ ಸೌದೆ ಹೊತ್ತವಳು ನಾನು. ಚಿತ್ರದಲ್ಲಿರುವ ಆ ಸೀಳು ಬಂಡೆ ನಂಗೆ ಗೊತ್ತಾಗುದಿಲ್ವಾ?"

ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಸುಮ್ನಿರಿ. ಮದುವೆಯಾದಾಗಿಂದ ನಾನು ಕಂಡದ್ದು ಈ ಒಲೆ, ವರ್ಷಕ್ಕೊಂದು ಸಲ ಊರಿನ ರೈಲು. ಈಗ ಅಂತೂ ಅವ್ರು ಹೊರಟಿದ್ದಾರೆ. ನೀವು ಬಾಯಿ ಬಿಟ್ರೆ ನಿಮ್ಮ ಸಾಹೇಬ್ರಿಗೆ ನಾನೇ ಫೋನ್ ಮಾಡ್ತೆ."

ಹೊರಬಂದು, ಉಪ್ಪು ಸರಿಯಾಗಿದೆ ಎಂದು ಶೆಟ್ಟರಿಗೆ ವರದಿ ಒಪ್ಪಿಸಿದೆ.

ಅವರು ದ್ವೀಪದಲ್ಲಿದ್ದಷ್ಟು ದಿನವೂ ಮನೆಯ ಫೋನು ರಿಂಗಾದಾಗಲೆಲ್ಲ ನಾನು ಬಚ್ಚಲುಮನೆಗೆ ಹೋಗುತ್ತಿದ್ದೆ. ಕೊನೆಗೆ ಶೆಟ್ಟರು ಮರಳಿದರು. ಬಿಸಿಲಿಗೆ ಕಪ್ಪಾಗಿದ್ದರು, ಮುಖ ಅರಳಿತ್ತು. ಬುಗ್ಗೆಗಳ ಹತ್ತಿರ ಕೊಳೆತ ಮೊಟ್ಟೆಯ ವಾಸನೆಯಂತೆ. ಜೋಡಿ ಶಿಖರಗಳ ಮುಂದೆ ದೋಣಿಯಲ್ಲಿ ಗಿರಿಜಕ್ಕ ಮಾತೇ ಆಡಲಿಲ್ಲವಂತೆ. ನಾನು ಸುಮ್ಮನಿರಬಹುದಿತ್ತು. ಆದರೆ ನಾಲಿಗೆ ತಾನಾಗಿ ಕೇಳಿತು.

"ಅಬ್ಬಿ?"

"ಅದು ಮಳೆಗಾಲದಲ್ಲಿ ಮಾತ್ರ ಬೀಳುದಂತೆ ಮಾರಾಯ್ರೆ. ಗಿರಿಜಾ ಅಲ್ಲಿ ವಿಚಾರಿಸಿದ್ಲು. ಬೇರೆ ಒಂದಿತ್ತು, ಸಣ್ಣದು."

ಗಿರಿಜಕ್ಕ ಯಾವ ಭಾಷೆಯಲ್ಲಿ ವಿಚಾರಿಸಿದರೆಂದು ನಾನು ಕೇಳಲಿಲ್ಲ. ಅವರು ನನ್ನತ್ತ ನೋಡದೆ ಬನ್ಸಿನ ತಟ್ಟೆ ಇಟ್ಟು ಹೋದರು.

ನೋಡಲಾಗದ ಅಬ್ಬಿಯನ್ನು ಶೆಟ್ಟರು ಮರೆಯಲಿಲ್ಲ. ಗಲ್ಲಾದ ಹಿಂದಿನ ಗೋಡೆ ತುಂಬುವಂತೆ ಅದನ್ನು ಅಚ್ಚು ಹಾಕಿಸಿಕೊಡಲು ನನ್ನನ್ನೇ ಕೇಳಿಕೊಂಡರು. ನಾನು ಎಚ್ಚರದ ಮನುಷ್ಯ. ಕೆಲಸ ಕೆಡಿಸುವುದು ನನ್ನಿಂದಾಗದು. ಹಿಗ್ಗಿಸಿದ ಚಿತ್ರದಲ್ಲಿ ಎಲೆಎಲೆಯೂ ಸ್ಪಷ್ಟವಾಗಿ ಮೂಡಿದೆ. ಪಂಚೆಯ ಕೆಂಪು ಅಂಚೂ ಎಳೆಎಳೆಯಾಗಿ ಮೂಡಿದೆ.

ಮುಂದಿನ ವಾರ ಮಾವನವರು ದಿಲ್ಲಿಗೆ ಬರುತ್ತಿದ್ದಾರೆ. ಶೆಟ್ಟರ ಹೋಟೆಲಿನಲ್ಲಿ ಊರಿನ ನೀರುದೋಸೆ ಸಿಗುತ್ತದೆಂದು ಶೈಲಾ ಹೇಳಿದ್ದಾಳೆ. ಮೊದಲ ದಿನವೇ ಅಲ್ಲಿಗೆ ಕರೆದೊಯ್ಯಬೇಕಂತೆ. ಇತ್ತೀಚೆಗೆ ಅವರ ಕಣ್ಣಿನ ಪೊರೆ ತೆಗೆದಿದ್ದಾರೆ. ಗೋಡೆಯ ಮೇಲಿನ ಇರುವೆಯೂ ಈಗ ಕಾಣುತ್ತದೆಂದು ಸಂತೋಷದಿಂದ ಹೇಳಿದರು.

ಫೋನಿಡುವ ಮುನ್ನ ಎಂದಿನಂತೆ ಪಂಚೆಯ ಬಗ್ಗೆ ಕೇಳಿದರು. ಇನ್ನೂ ಸಿಕ್ಕಿಲ್ಲ ಎಂದೆ.