ಚಾಚಾನ ಸೊಂಟ, ದಾದಿಯ ಡಬ್ಬಿ

ನಮ್ಮ ಚಾಚಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಒಂದು ಚಟವಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಚಿವುಟಿ ನೋಡುವುದು. ಕುರಿ ವ್ಯಾಪಾರಿಗಳ ಚಟ ಅದು. ಕೊನೆಯ ಪಕ್ಕೆಲುಬಿನ ಹಿಂದೆ ಎರಡು ಬೆರಳಿಟ್ಟು ಹಿಸುಕಿದರೆ ಸಾಕು, ಕುರಿಯ ಮೈಮೇಲೆ ಮಾಂಸವೆಷ್ಟು ಕೊಬ್ಬೆಷ್ಟು ಎಂದು ತಿಳಿಯುತ್ತದಂತೆ. ಆದರೆ ಸಂತೆ ಮುಗಿದದ್ದು ಚಾಚಾನ ಬೆರಳುಗಳಿಗೆ ತಿಳಿಯುತ್ತಿರಲಿಲ್ಲ. ಮನೆಗೆ ಬಂದು ದಾದಿ, ಅಂದರೆ ನಮ್ಮ ಅಜ್ಜಿ, ನಾದಿಟ್ಟ ಹಿಟ್ಟನ್ನು ಚಿವುಟುತ್ತಿದ್ದ, ಲೋಡು ಚಿವುಟುತ್ತಿದ್ದ, ಎಸ್.ಟಿ. ಬಸ್ಸಿನ ಸೀಟು ಚಿವುಟಿ "ಇದು ಬಡಕಲು" ಅನ್ನುತ್ತಿದ್ದ. ಕೊನೆಗೆ ಕನ್ನಡಿಯ ಮುಂದೆ ಅಂಗಿ ಎತ್ತಿ ತನ್ನನ್ನೇ ಚಿವುಟಿಕೊಳ್ಳಲು ಶುರುಮಾಡಿದ.

ನಮ್ಮ ಮನೆಯಲ್ಲಿ ಒಂದರ ಹಿಂದೆ ಒಂದು ಏನಾದರೂ ಆಗುತ್ತಲೇ ಇರುತ್ತದೆ, ಮತ್ತು ಆದಾಗೆಲ್ಲ ಮೂಲೆಯಲ್ಲಿ ನಾನಿರುತ್ತೇನೆ. ನನಗೆ ಮಾತು ಕಡಿಮೆ. ಮಾತು ಕಡಿಮೆ ಇರುವವರ ಎದುರಿಗೆ ಜನ ಏನನ್ನೂ ಮುಚ್ಚಿಡುವುದಿಲ್ಲ, ಗೋಡೆಗೆ ಯಾರು ನಾಚುತ್ತಾರೆ? ಈ ಪ್ರಸಂಗಗಳಲ್ಲಿ ಮಾತ್ರ ಗೋಡೆ ಒಂದೆರಡು ಸಲ ಬಾಯಿ ಬಿಡಬೇಕಾಯಿತು.

೧. ಸಂತೆಯಲ್ಲಿ ಉಳಿದದ್ದು

ಚಾಚಾ ಹೊಟ್ಟೆ ಬಿಟ್ಟವನಲ್ಲ ಎಂದು ಮೊದಲೇ ಹೇಳಿಬಿಡಬೇಕು. ಹರೆಯದಲ್ಲಿ ಪೈಲ್ವಾನ. ನಲವತ್ತರ ಹತ್ತಿರ ಬಂದರೂ ಬೆಳಗಿನ ನಮಾಜು ಮುಗಿಸಿ ನಮ್ಮೂರು ಸಂಖದ ಹೊರಗಿನ ದಿಬ್ಬದವರೆಗೆ ಓಡುತ್ತಿದ್ದ, ತಿರುಗಿ ಬಂದು ದಂಡ ಬೈಠಕ್ ಹೊಡೆಯುತ್ತಿದ್ದ. ಅವನ ತೊಡೆಯ ಮೇಲೆ ತೆಂಗಿನಕಾಯಿ ಒಡೆಯಬಹುದಿತ್ತು. ಆದರೆ ಪಾಯಿಜಾಮದ ಲಾಡಿಯ ಮೇಲೆ, ಸೊಂಟದ ಎರಡೂ ಬದಿಗೆ, ಎರಡು ಮೆತ್ತನೆಯ ಹಿಡಿಕೆಗಳಿದ್ದವು. ಅವನು ಓಡಿದರೆ ಅವೂ ಜೊತೆಗೆ ಓಡುತ್ತಿದ್ದವು. ರಂಜಾನಿನ ತಿಂಗಳು ಪೂರ್ತಿ ರೋಜಾ ಹಿಡಿದರೆ ಗಲ್ಲ ಇಳಿಯುತ್ತಿತ್ತು, ಅವು ಇಳಿಯುತ್ತಿರಲಿಲ್ಲ.

ಅಸಂಗಿಯ ಕುರಿ ವ್ಯಾಪಾರಿಯೊಬ್ಬನಿದ್ದ. ಹಿಂದೆ ಚಾಚಾನ ಜೋಡಿಯ ಪೈಲ್ವಾನ, ಈಗ ಗುಡಾಣದಂಥ ಹೊಟ್ಟೆಯ ಮನುಷ್ಯ. ಒಂದು ದಿನ ಜತ್ತಿನ ಸಂತೆಯಲ್ಲಿ ಅವನು ಹಿಂದಿನಿಂದ ಬಂದು ಚಾಚಾನ ಸೊಂಟ ಚಿವುಟಿ, ಎಲ್ಲರಿಗೂ ಕೇಳುವ ಹಾಗೆ ಅಂದನಂತೆ: "ಉಸ್ತಾದ, ಎಲ್ಲಾ ಕುರಿ ಮಾರಿದಿ, ಇದೊಂದು ಯಾಕ ಉಳಿಸ್ಕೊಂಡಿ?"

ಸಂತೆಗೆ ಸಂತೆಯೇ ನಕ್ಕಿತು. ಮೊದಲು ನಿನ್ನ ಹೊಟ್ಟೆ ನೋಡಿಕೊ ಎಂದು ಚಾಚಾ ತಿರುಗಿಬಿದ್ದ. ಅಸಂಗಿಯವನು ತನ್ನ ಹೊಟ್ಟೆಯನ್ನು ಪ್ರೀತಿಯಿಂದ ತಟ್ಟಿಕೊಂಡು, ತನ್ನದು ಬಯಲಿಗೇ ಇದೆ, ತಾನೇನೂ ಮುಚ್ಚಿಟ್ಟಿಲ್ಲ ಅಂದ. "ದೀಪಾವಳಿ ಆದ ಮ್ಯಾಲ ಲಂಗೋಟಿ ಕಟ್ಟತೀಯಲ್ಲ, ಆವಾಗ ನಿಂದೂ ಬಯಲಿಗಿ ಬರ್ತದ."

ಚುಚ್ಚಿದ್ದು ಅದು. ದೀಪಾವಳಿ ಆದ ಮೇಲೆ ನಮ್ಮೂರ ತಾಲೀಮಿಗೆ, ಅಂದರೆ ಗರಡಿಮನೆಗೆ, ಹೊಸ ಮಣ್ಣು ಹಾಕಿಸುವವರಿದ್ದರು. ಆ ದಿನ ಹಳೆಯ ಪೈಲ್ವಾನರೆಲ್ಲ ಲಂಗೋಟಿ ಕಟ್ಟಿ ಮಣ್ಣಿಗಿಳಿದು, ತಮ್ಮ ತಮ್ಮ ಜೋಡಿಯ ಕೈ ಹಿಡಿದು ಸಲಾಮಿ ಕೊಡಬೇಕು. ಚಾಚಾನ ಜೋಡಿ ಈ ಅಸಂಗಿಯವನೇ. ಇಡೀ ಊರಿನ ಎದುರಿಗೆ ಎರಡು ಹಿಡಿಕೆ ಹೊತ್ತು ನಿಲ್ಲುವುದಕ್ಕಿಂತ ಊರು ಬಿಡುವುದು ಮೇಲು ಎಂದು ಚಾಚಾ ನಿರ್ಧರಿಸಿದ. ಅವತ್ತು ರಾತ್ರಿ ಊಟದ ಹೊತ್ತಿಗೆ ಅವನು ಹಿಟ್ಟನ್ನು ಚಿವುಟಲಿಲ್ಲ. ದಾದಿ ಗಾಬರಿಯಾಗಿ ಹಣೆ ಮುಟ್ಟಿ ಜ್ವರ ನೋಡಿದಳು.

೨. ರೋಗಿ ಯಾರು

ಕ್ಷೌರದ ಅಂಗಡಿಯ ಹಳೆಯ ಮರಾಠಿ ವಾರಪತ್ರಿಕೆಯೊಂದರಲ್ಲಿ ಚಾಚಾನಿಗೆ ದಾರಿ ಸಿಕ್ಕಿತು. ಗಟ್ಟಿಮುಟ್ಟಾದವರಿಗೂ ಕೆಲವು ಜಾಗದ ಕೊಬ್ಬು ಯಾವ ಕಸರತ್ತಿಗೂ ಕರಗುವುದಿಲ್ಲ, ಅದನ್ನು ಸಣ್ಣ ತೂತು ಮಾಡಿ ನಳಿಕೆಯಿಂದ ಹೀರಿ ತೆಗೆದು ಮೈಗೆ ಆಕಾರ ಕೊಡುತ್ತಾರೆ ಎಂದು ಬರೆದಿತ್ತು. ಅಂಥ ಡಾಕ್ಟರೊಬ್ಬರು ಮುಂಬೈಯಿಂದ ವಾರಕ್ಕೊಮ್ಮೆ ಮಿರಜಿಗೆ ಬರುತ್ತಾರೆಂದು ವಿಚಾರಿಸಿಕೊಂಡು ಬಂದ.

"ನೀ ಬಾ ನನ್ನ ಕೂಡ," ಎಂದು ನನ್ನನ್ನು ಕರೆದ. ನಾನು ಸಾಂಗ್ಲಿಯ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಶಾಲೆ ಓದಿದವಳು. ಚಾಚಾನ ಮರಾಠಿ ನನ್ನ ಮರಾಠಿಗಿಂತ ಚೆನ್ನಾಗಿದೆ, ಡಾಕ್ಟರಿಗೂ ಮರಾಠಿ ಬರುತ್ತದೆ, ನಾನೇಕೆ ಎಂದು ಕೇಳಿದೆ. ಚಾಚಾ ತಿಳಿಸಿ ಹೇಳಿದ: ನಮ್ಮ ಮನೆಯಲ್ಲಿ ಸಿಟ್ಟು ದಖನಿ ಉರ್ದುವಿನಲ್ಲಿ, ವ್ಯಾಪಾರ ಕನ್ನಡದಲ್ಲಿ, ಕಚೇರಿ ಕೆಲಸ ಮರಾಠಿಯಲ್ಲಿ. ಮಾಡದಿದ್ದರೂ ನಡೆಯುವಂಥ ಕೆಲಸ ಇಂಗ್ಲಿಷಿನಲ್ಲೇ ಆಗಬೇಕು.

ದವಾಖಾನೆಯಲ್ಲಿ ನರ್ಸಮ್ಮ ಚಾಚಾನನ್ನು ನೋಡಿದಳು. ಅಗಲ ಎದೆ, ನೆಟ್ಟಗಿನ ಬೆನ್ನು, ಹುರಿಗಟ್ಟಿದ ತೋಳು. ಆಮೇಲೆ ಅವನ ಹಿಂದೆ ದುಪಟ್ಟಾದಲ್ಲಿ ಮುದುಡಿಕೊಂಡಿದ್ದ ನನ್ನನ್ನು ನೋಡಿದಳು. ಹಾಸ್ಟೆಲಿನ ಊಟ ನನಗೆ ಸ್ವಲ್ಪ ಹೆಚ್ಚೇ ಹಿಡಿಸಿತ್ತು ಎಂಬುದು ನಿಜ. ಬಾ ಎಂದು ಕೈ ಹಿಡಿದು ಒಳಗೆ ಒಯ್ದು, ಮಂಚದ ಮೇಲೆ ಮಲಗಿಸಿ, ಪರದೆ ಎಳೆದಳು. ನಾಚಿಕೆಗೆ ನನ್ನ ಬಾಯಿಂದ ಯಾವ ಭಾಷೆಯೂ ಹೊರಡಲಿಲ್ಲ. ಡಾಕ್ಟರು ಬಂದು, ಹೆದರಬೇಡಿ, ನಿಮ್ಮ ತಂದೆಯನ್ನೂ ಕರೆಸುತ್ತೇನೆ ಎಂದಾಗ ಹೊರಗಿನಿಂದ ಚಾಚಾನ ದನಿ ಬಂತು: "ಸಾಹೇಬ್ರ, ಆಕೀದು ಇರಲಿ ಬಿಡ್ರಿ. ಮೊದಲ ನಂದು ನೋಡ್ರಿ."

೩. ಟವೆಲ್ಲಿನ ಕೆಳಗೆ

ಚಾಚಾ ಅಂಗಿ ಎತ್ತಿ ನಿಂತ. ಡಾಕ್ಟರು ಅದೇ ಹೆಬ್ಬೆರಳು, ಅದೇ ತೋರುಬೆರಳಿನಿಂದ ಅದೇ ಜಾಗ ಹಿಡಿದು ಚಿವುಟಿದರು. ಚಾಚಾನ ಮುಖ ಅರಳಿತು. ನನ್ನ ಕಿವಿಯಲ್ಲಿ ಅಂದ: "ಇವರು ನಮ್ಮ ಕಸುಬಿನವರು."

ಅಲ್ಲಿಂದ ಅವನಿಗೆ ಆ ಕೋಣೆ ಜತ್ತಿನ ಸಂತೆಯಾಗಿಬಿಟ್ಟಿತು. ಸಂತೆಯಲ್ಲಿ ಕುರಿ ವ್ಯಾಪಾರ ಬಾಯಿಂದ ಆಗುವುದಿಲ್ಲ. ಇಬ್ಬರೂ ಕೈ ಕೂಡಿಸುತ್ತಾರೆ, ಮೇಲೆ ಟವೆಲ್ ಮುಚ್ಚುತ್ತಾರೆ, ಒಳಗೆ ಬೆರಳು ಹಿಸುಕಿ ಹಿಸುಕಿ ಮಾತು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಡಾಕ್ಟರು, ಸರಿ ಹಾಗಾದರೆ ಎಂದು ಕೈಕುಲುಕಲು ಕೈ ಚಾಚಿದರು. ಚಾಚಾ ಆ ಕೈ ಗಟ್ಟಿಯಾಗಿ ಹಿಡಿದು, ಹೆಗಲ ಮೇಲಿನ ಟವೆಲ್ ಅದರ ಮೇಲೆ ಹಾಕಿ, ಒಳಗೆ ಎರಡು ಬೆರಳು ಹಿಸುಕಿದ.

ಡಾಕ್ಟರು ಟವೆಲ್ ನೋಡಿದರು, ಚಾಚಾನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಹದಿನೈದು ವರ್ಷ ಕಲಿತ ಇಂಗ್ಲಿಷು ಇದಕ್ಕೇ ಬೇಕಾಗಿತ್ತೇನೋ. ನೀವು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳುತ್ತಿದ್ದಾರೆ ಸರ್ ಎಂದು ಪಿಸುಗುಟ್ಟಿದೆ. ಫೀಸಿನ ಮಾತು ಹೊರಗೆ ಕೌಂಟರಿನಲ್ಲಿ ಅಂದರು. ಅಲ್ಲ ಸರ್, ಮೈಯಿಂದ, ಅಂದೆ.

ಡಾಕ್ಟರು ಒಳ್ಳೆಯ ಮನುಷ್ಯ. ಒಂದು ಲೀಟರ್ ಎಂದು ಬಾಯಲ್ಲಿ ಹೇಳಿ ಒಳಗೆ ಒಂದು ಬೆರಳು ಹಿಸುಕಿದರು. ಲೀಟರಿನಲ್ಲಿ ಅಳೆಯಲು ಇದೇನು ಹಾಲೇ ಎಂದು ಚಾಚಾ ಗೊಣಗಿದ, ಕೈ ಮಾತ್ರ ಬಿಡಲಿಲ್ಲ. ಟವೆಲ್ ಕೆಳಗೆ ಬಹಳ ಹೊತ್ತು ಏನೇನೋ ನಡೆಯಿತು. ಕೊನೆಗೆ ಒಂದೂವರೆ ಲೀಟರಿಗೆ ಕುದುರಿತು. ಹೊರಗೆ ಬಂದ ಮೇಲೆ ಚಾಚಾ ಎದೆಯುಬ್ಬಿಸಿ ಹೇಳಿದ, ಓದಿದ ಮನುಷ್ಯನಾದರೂ ಡಾಕ್ಟರ ಕೈ ಬಹಳ ಲಗೂನ ತಿಳಿದುಕೊಂಡಿತು ಎಂದು.

೪. ನೀಲಿ ಬಣ್ಣ

ಆಪರೇಷನ್ ದಿನ ಬೆಳಿಗ್ಗೆ ಚಾಚಾ ದೇವರ ಹೆಸರು ಹೇಳಿಕೊಂಡು ಧೈರ್ಯವಾಗಿಯೇ ಹೋದ. ಸ್ವಲ್ಪ ಹೊತ್ತಿಗೆ ದವಾಖಾನೆಯ ಅಂಗಿ ತೊಟ್ಟು, ಮುಖ ಸಪ್ಪಗೆ ಮಾಡಿಕೊಂಡು, ಬಾಗಿಲಲ್ಲಿ ಇಣುಕಿ ನನ್ನನ್ನು ಕರೆದ. ಎಲ್ಲಿಂದ ಎಷ್ಟು ತೆಗೆಯಬೇಕು ಎಂದು ಡಾಕ್ಟರು ಅವನನ್ನು ನಿಲ್ಲಿಸಿ, ಸೊಂಟದ ಮೇಲೆ ಪೆನ್ನಿನಿಂದ ಗುಂಡಗೆ ಗೆರೆ ಹಾಕಿದ್ದರು.

ನೋವಾಯಿತೇ ಎಂದು ಕೇಳಿದೆ. ಇಲ್ಲ ಅಂದ. ಮತ್ತೇನು?

"ನೀಲಿ ಬಣ್ಣ ಹಾಕ್ಯಾರ. ಸಂತ್ಯಾಗ ಮಾರಿದ ಕುರಿಗಿ ನೀಲಿ ಬಣ್ಣ ಯಾರು ಹಚ್ಚತಾರ ಗೊತ್ತದನು? ಸೋಲಾಪುರದ ಕಟುಕರು."

ನಾನು ಹೋಗಿ ನರ್ಸಮ್ಮನನ್ನು ಕೇಳಿದೆ, ಬೇರೆ ಬಣ್ಣದ ಪೆನ್ನಿದೆಯೇ ಎಂದು. ಅವಳು ಕಾರಣ ಕೇಳಲಿಲ್ಲ. ನಮ್ಮ ಬಗ್ಗೆ ಅಷ್ಟು ಹೊತ್ತಿಗೆ ಅವಳಿಗೆ ಒಂದು ಅಂದಾಜು ಬಂದಿತ್ತು. ನೀಲಿ ಅಳಿಸಿ ಹಸಿರು ಗೆರೆ ಹಾಕಿಸಿಕೊಂಡು ಚಾಚಾ ನಗುನಗುತ್ತ ಒಳಗೆ ಹೋದ. ಹಸಿರು ಬಣ್ಣ ಸಾಕಲು ಕೊಂಡ ಕುರಿಗೆ.

೫. ಹಳ್ಳು ತೋರಿಸ್ರಿ

ಮನೆಯಲ್ಲಿ ಯಾರಿಗೂ ನಿಜ ಹೇಳಿರಲಿಲ್ಲ. ಕಿಡ್ನಿಯಲ್ಲಿ ಹಳ್ಳು, ಅಂದರೆ ಕಲ್ಲು, ಆಗಿತ್ತು, ತೆಗೆಸಿಕೊಂಡು ಬಂದೆ ಎಂದು ಚಾಚಾ ಸಾರಿದ. ಸೊಂಟಕ್ಕೆ ಬಿಗಿಯಾದ ಪಟ್ಟಿ, ಅದಕ್ಕೆ ಉದ್ದಕ್ಕೂ ಹುಕ್ಕು. ಇಷ್ಟು ಹುಕ್ಕು ಕುಪ್ಪಸಕ್ಕೂ ಇರುವುದಿಲ್ಲ ಎಂದು ಅವನೇ ನನ್ನ ಹತ್ತಿರ ಬೈದುಕೊಳ್ಳುತ್ತಿದ್ದ. ಬಾವು ಬೇರೆ ಬಂದು ಮೊದಲ ವಾರ ಸೊಂಟ ಮುಂಚಿಗಿಂತ ದಪ್ಪವೇ ಕಾಣುತ್ತಿತ್ತು.

ಪಟ್ಟಿ ಕಟ್ಟಿದ ಹೊಟ್ಟೆ ನೋಡಿದ್ದೇ ದಾದಿಯ ಕೈ ಸುಮ್ಮನಿರಲಿಲ್ಲ. ಚಾಚಾನ ಹೆಂಡತಿ ಚಾಚಿ ಹೆರಿಗೆಗೆ ತವರಿಗೆ ಹೋಗಿದ್ದಳು. ಅವಳಿಗೆಂದು ಕಟ್ಟಿಟ್ಟಿದ್ದ ಅಂಟಿನುಂಡೆ, ಉತ್ತತ್ತಿ, ತುಪ್ಪ ಎಲ್ಲ ಚಾಚಾನ ಮುಂದೆ ಬಂತು. "ಹೊಟ್ಟಿ ಕಟ್ಟಿದ ಮ್ಯಾಲ ಬಾಣಂತಿ ಊಟಾನ ಉಣಬೇಕು," ಎಂಬುದು ಅವಳ ಶಾಸ್ತ್ರ. ನೋಡಲು ಬಂದವರೂ ಬರಿಗೈಲಿ ಬರಲಿಲ್ಲ. ಒಬ್ಬರು ಶಿರಾ, ಒಬ್ಬರು ಮೊಟ್ಟೆ, ಒಬ್ಬರು ಕೆನೆ ಹಾಲು. ಮಿರಜಿನಲ್ಲಿ ತೆಗೆದದ್ದನ್ನು ಸಂಖ ವಾಪಸು ತುಂಬಲು ಹೊರಟಿತ್ತು. ಚಾಚಾ ಒಂದೊಂದೇ ಉಂಡೆಯನ್ನು ನನ್ನ ಕಡೆಗೆ ಸರಿಸಿದ. ರೋಗಿ ಯಾರೆಂದು ನರ್ಸಮ್ಮ ಮುಂದಾಗಿಯೇ ತಿಳಿದಿದ್ದಳು ಅನ್ನಿ.

ಆದರೆ ಬಂದವರೆಲ್ಲ ಕೇಳುತ್ತಿದ್ದುದು ಒಂದೇ: ಹಳ್ಳು ತೋರಿಸ್ರಿ. ನಮ್ಮ ಕಡೆ ಹಳ್ಳು ತೆಗೆಸಿಕೊಂಡವರು ಅದನ್ನು ಇಂಜೆಕ್ಷನ್ ಸೀಸೆಯಲ್ಲಿ ಹಾಕಿ ಟಿ.ವಿ.ಯ ಮೇಲೆ ಇಡುತ್ತಾರೆ, ಬಂದವರು ಬೆಳಕಿಗೆ ಹಿಡಿದು ನೋಡಿ ಮರುಗಬೇಕು. ತೋರಿಸದಿದ್ದರೆ ಆಪರೇಷನ್ನೇ ಸುಳ್ಳು. ಚಾಚಾ ನನಗೆ ಕಣ್ಸನ್ನೆ ಮಾಡಿದ. ನಾನು ಹಿತ್ತಲಿಗೆ ಹೋಗಿ ಒಂದು ಹಳ್ಳು ಆರಿಸಿ, ತೊಳೆದು, ಸೀಸೆಗೆ ಹಾಕಿ ತಂದೆ.

ಎಲ್ಲರೂ ಮರುಗಿದರು. ಪಕ್ಕದ ಹೊಲದ ರೈತ ಮಾತ್ರ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದರೊಳಗೆ ಬಿಳೀ ಸುಣ್ಣದ ಗೆರೆ ಇದೆ, ಇಂಥವು ತನ್ನ ಹೊಲದಲ್ಲಿ ಗಾಡಿಗಟ್ಟಲೆ ಇವೆ ಅಂದ. ಚಾಚಾ ಅಲುಗಲಿಲ್ಲ.

"ಮತ್ತ ಹತ್ತು ವರ್ಷ ಆತು, ನಾ ಯಾರ ಹೊಲದ ಜ್ವಾಳ ಉಣ್ಣಾಕತ್ತೀನಿ?"

ರೈತ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದ. ಮರುದಿನ ಎರಡೆರಡು ಸಲ ಹಸನು ಮಾಡಿದ ಜೋಳ ಮನೆಗೆ ಕಳಿಸಿದ.

೬. ಸಲಾಮಿ

ದೀಪಾವಳಿ ಮುಗಿಯಿತು. ಬಾವು ಇಳಿಯಿತು, ಪಟ್ಟಿ ಬಿಚ್ಚಿತು, ಚಾಚಾ ಮತ್ತೆ ದಿಬ್ಬದವರೆಗೆ ಓಡತೊಡಗಿದ. ಈ ಸಲ ಒಬ್ಬನೇ ಓಡಿದ.

ತಾಲೀಮಿನ ಪಕ್ಕದ ಮನೆಯ ಮಾಳಿಗೆಯ ಮೇಲಿಂದ ನಾವು ಹೆಂಗಸರು ನೋಡುತ್ತಿದ್ದೆವು. ಹೊಸ ಕೆಂಪು ಮಣ್ಣು, ಹಲಗೆ ಬಡಿಯುವ ಸದ್ದು. ಚಾಚಾ ಲಂಗೋಟಿ ಕಟ್ಟಿ ಇಳಿದ. ಸೊಂಟ ಅಂದರೆ ಕಡೆಗೋಲಿನ ಹಾಗೆ, ಎಲ್ಲೂ ಒಂದು ಹಿಡಿಕೆ ಇಲ್ಲ. ನಾಲ್ಕೂ ದಿಕ್ಕಿಗೆ ಸಲಾಮಿ ಕೊಡುವುದು ಪದ್ಧತಿ. ಚಾಚಾ ಎಂಟು ದಿಕ್ಕಿಗೂ ಕೊಟ್ಟ.

ಅಸಂಗಿಯವನು ನಗುತ್ತಲೇ ಬಂದ. ಕೈ ಕೂಡಿಸುವ ನೆವದಲ್ಲಿ ಎರಡು ಬೆರಳು ಚಾಚಾನ ಸೊಂಟಕ್ಕೆ ಹೋದವು. ಜಾರಿದವು. ಮತ್ತೆ ಹೋದವು, ಮತ್ತೆ ಜಾರಿದವು. ಬಳಸಿ ಬಂದು ಇನ್ನೊಂದು ಬದಿ ಹುಡುಕಿದ. ರಾತ್ರಿ ಕಟ್ಟಿದ ಕುರಿ ಬೆಳಿಗ್ಗೆ ಗೂಟದಲ್ಲಿ ಇಲ್ಲದಿದ್ದರೆ ಮುಖ ಹೇಗಾಗುತ್ತದೋ ಹಾಗಾಯಿತು ಅವನ ಮುಖ.

ಚಾಚಾ ಇಡೀ ತಾಲೀಮಿಗೆ ಕೇಳುವಂತೆ ಕೇಳಿದ: "ಏನ ಕಳಕೊಂಡಿ ದೋಸ್ತ? ಹೇಳು, ಕೂಡೇ ಹುಡುಕೂಣು."

೭. ಡಬ್ಬಿ

ವಾರ ಕಳೆಯುವುದರೊಳಗೆ ಅಸಂಗಿಯವನು ನಮ್ಮ ಮನೆಗೆ ಬಂದ. ಹೆಗಲ ಮೇಲೆ ಟವೆಲ್, ಮುಖದಲ್ಲಿ ನಗು ಇಲ್ಲ. ಚಾಚಾನ ಪಕ್ಕದಲ್ಲಿ ಹೊರಸಿನ ಮೇಲೆ ಕುಳಿತು ಸುಮ್ಮನೆ ಅವನ ಕೈ ಹಿಡಿದು, ಟವೆಲ್ ಮುಚ್ಚಿದ. ನಾನು ಚಹಾ ತಂದಾಗ ಟವೆಲ್ಲಿನ ಕೆಳಗೆ ಬೆರಳುಗಳು ಆಡುತ್ತಿದ್ದವು. ಮನೆಯಲ್ಲಿ ಕುರಿ ಒಂದೂ ಇರಲಿಲ್ಲ, ವ್ಯಾಪಾರ ಯಾವುದರದು ಎಂದು ನನಗೆ ತಿಳಿಯಲಿಲ್ಲ.

ಬೆರಳಿಗೆ ಹೇಳಲಾಗದೆ ಕೊನೆಗೆ ಅವನು ಬಾಯಿಬಿಟ್ಟ. ಕುರಿ ಸೊರಗಿದರೆ ಮೈಯೆಲ್ಲ ಸೊರಗುತ್ತದೆ, ಒಂದೇ ಜಾಗ ಸೊರಗುವುದಿಲ್ಲ, ಇದು ತೆಗೆದದ್ದು ಎಂದು ತನಗೆ ಅವತ್ತೇ ತಿಳಿಯಿತಂತೆ. ಸಂತೆಯಲ್ಲಿ ಯಾರ ಮುಂದೂ ಉಸಿರೆತ್ತುವುದಿಲ್ಲ. ಆದರೆ ಆ ಡಾಕ್ಟರು ಎಲ್ಲಿದ್ದಾರೆ ಹೇಳಬೇಕು, ಮಾತಾಡಲು ಇಂಗ್ಲಿಷ್ ಬಲ್ಲ ನನ್ನನ್ನು ಜೊತೆಗೆ ಕಳಿಸಬೇಕು.

ಚಾಚಾ ಎದೆ ಮುಂದೆ ಮಾಡಿ, ಯಾವ ಡಾಕ್ಟರು, ನನಗೆ ಹಳ್ಳಾಗಿತ್ತು ಎನ್ನುತ್ತ ಟಿ.ವಿ.ಯ ಮೇಲಿನ ಸೀಸೆಗೆ ಕೈ ಚಾಚಿದ. ಅಷ್ಟರಲ್ಲಿ ಎಲ್ಲ ಕೇಳಿಸಿಕೊಂಡಿದ್ದ ದಾದಿ ಅಡಿಗೆಮನೆಯಿಂದ ಬಂದಳು.

"ಸೀಸೆ ಅಲ್ಲೇ ಇಡು. ಈ ಹುಡುಗಿ ಹಿತ್ತಲದಾಗ ಹಳ್ಳು ಆರಿಸೂದು ನಾ ಕಿಡಕ್ಯಾಗಿಂದ ನೋಡೀನಿ."

ಚಾಚಾನ ಕೈ ಗಾಳಿಯಲ್ಲೇ ನಿಂತಿತು. ತಾಯಿಯ ಬೈಗುಳಕ್ಕೆ ಹೆದರಿ ತಲೆ ತಗ್ಗಿಸಿದ. ಆದರೆ ದಾದಿ ಬೈಯಲಿಲ್ಲ. ಅದೆಲ್ಲ ಅವನು ಹುಟ್ಟಿದಾಗಿಂದ ತಾನು ತಿನ್ನಿಸಿದ ತುಪ್ಪ, ತೆಗೆಸಿದ್ದು ತೆಗೆಸಿದ, ಕೇಳಿ ತೆಗೆಸಬೇಕಿತ್ತು ಅಂದಳಷ್ಟೆ. ಆಮೇಲೆ ಗೋಡೆಗೆ ಕೈಕೊಟ್ಟು, ತನ್ನ ನೋಯುವ ಮೊಣಕಾಲು ಮಡಿಸಿ ನಿಧಾನಕ್ಕೆ ಕುಳಿತಳು. ಮೊಣಕಾಲಿಗೆ ಕುರಿಯ ಕೊಬ್ಬು ಕಾಯಿಸಿ ತಿಕ್ಕುವುದು ಅವಳ ಹಳೆಯ ಮದ್ದು. ಕುರಿಯದೇ ಇಷ್ಟು ನಾಟುತ್ತದೆ, ಮನುಷ್ಯನದು ಇನ್ನೆಷ್ಟು ನಾಟೀತು, ಅದನ್ನು ಅಲ್ಲಿ ಚೆಲ್ಲಿ ಬಂದಿರಲ್ಲ ಎಂದು ಬಹಳ ಮರುಗಿದಳು.

ಅವಳ ಕಣ್ಣು ಅಸಂಗಿಯವನ ಹೊಟ್ಟೆಯ ಮೇಲೆ ಹೋಗಿ ನಿಂತಿತು. ಅವನು ಮೆಲ್ಲಗೆ ಟವೆಲ್ ಎಳೆದು ಹೊಟ್ಟೆ ಮುಚ್ಚಿಕೊಂಡ.

ದಾದಿ ಸೆರಗಿನ ಒಳಗಿನಿಂದ ಒಂದು ಖಾಲಿ ತುಪ್ಪದ ಡಬ್ಬಿ ತೆಗೆದಳು. ತೊಳೆದು, ಒರೆಸಿ, ಮುಚ್ಚಳ ಗಟ್ಟಿ ಮಾಡಿ ತಯಾರಿಟ್ಟುಕೊಂಡೇ ಬಂದಿದ್ದಳು. ಅದನ್ನು ನನ್ನ ಕಡೆಗೆ ಚಾಚಿದಳು.

"ಬೇಟಿ, ಇವನ್ನ ಕರಕೊಂಡು ಹೋಗು. ಇವಂದು ಭಾಳ ಅದ. ಡಾಕ್ಟರಗ ಇಂಗ್ಲಿಷಿನ್ಯಾಗ ಚಂದಾಗಿ ಕೇಳಿ, ಈ ಡಬ್ಬಿ ತುಂಬಿಸ್ಕೊಂಡು ಬರ್ತೀಯಿಲ್ಲ?"