ಗೌರೀಶನ ಕೈಮಾತು

ಅನರ್ಥಕ್ಕೆಲ್ಲ ಮೂಲವಾದದ್ದು ಒಂದು ಪತ್ರದ ಎರಡನೆಯ ಪುಟ. ಗೌರೀಶ ಅದನ್ನು ಓದಲಿಲ್ಲ.

ಅಂತರಸಂತೆಯ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಗೌರೀಶನಿಗೆ ಇಂಗ್ಲಿಷ್ ಬಲ್ಲವನೆಂಬ ಕೀರ್ತಿಯಿತ್ತು. ಆ ಕೀರ್ತಿಯನ್ನು ಹಬ್ಬಿಸಿದವನೂ ಅವನೇ. ಊರಂಚಿನ ಪುಟ್ಟ ಚರ್ಚಿನವರು ನಡೆಸುತ್ತಿದ್ದ ಕಿವುಡರ ಹೊಲಿಗೆ ಕೇಂದ್ರಕ್ಕೆ ಬರುವ ಇ-ಮೇಲುಗಳು ಅವನ ಅಂಗಡಿಯಲ್ಲೇ ಅಚ್ಚಾಗುತ್ತಿದ್ದವು. ಕೆನಡಾದಿಂದ ಎಂಟು ಮಂದಿ ಕ್ರೈಸ್ತ ಸೇವಕರು ಹತ್ತು ದಿನಗಳ ಮಟ್ಟಿಗೆ ಇಲ್ಲಿನ ಕಿವುಡರ ಸೇವೆಗೆ ಬರಲಿದ್ದಾರೆಂಬ ಪತ್ರವೂ ಹಾಗೆಯೇ ಬಂತು. ಮೊದಲ ಪುಟ ಮುಗಿಸುವಷ್ಟರಲ್ಲಿ ಗೌರೀಶ ಬೆವರಿ ತೊಪ್ಪೆಯಾಗಿದ್ದ. ಎರಡನೆಯ ಪುಟದ ಖಾಲಿ ಬೆನ್ನಿನ ಮೇಲೆ ಯಾರದೋ ಆಧಾರ್ ಕಾರ್ಡು ಜೆರಾಕ್ಸ್ ಮಾಡಿ ಕೊಟ್ಟುಬಿಟ್ಟ.

“ಎರಡನೇ ಪುಟದಲ್ಲೇನೈತಪ್ಪಾ?” ಎಂದು ಕೇಳಿದರು ಪಾಸ್ಟರ್ ದೇವಕುಮಾರ್. ಅವರಿಗೆ ಇಂಗ್ಲಿಷಿನ ಗಂಧವಿರಲಿಲ್ಲ.

“ಬರೀ ಕ್ಷೇಮಸಮಾಚಾರ ಕಣ್ರೀ ಸಾರ್.”

“ಅವ್ರ ಇಂಗ್ಲಿಷ್ನ ನಮ್ಮೋರ ಸನ್ನೆಗೆ ಮಾಡೋರು ಬೇಕಲ್ಲ?”

“ಎರಡೂ ನಂಗೇ ಬತ್ತದೆ, ಬುಡಿ.”

ಪಾಸ್ಟರು ಹಿಗ್ಗಿದರು. “ಅಂಗಾದ್ರೆ ಅವ್ರು ಬರೋ ದಿನ ಚೆಂದಾಗಿ ನಡೆಸ್ಕೊಡಿ. ಕೇಂದ್ರದ ಮೇಲ್ವಿಚಾರಕರ ಕೆಲ್ಸ ಖಾಲಿ ಐತಲ್ಲ, ಅದು ನಿಮ್ದೇ.”

ಮೇಲ್ವಿಚಾರಕ! ಕುರ್ಚಿ, ಮೇಜು, ಗೋಡೆಯ ಮೇಲೆ ಹೆಸರಿನ ಫಲಕ! ಗೌರೀಶನ ಹೆಂಡತಿ ಉಷಾರಾಣಿ ಅಂದೇ ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು. ಆಮೇಲೆ ಗಂಡನತ್ತ ತಿರುಗಿ, “ಈ ಕೆಲ್ಸ ಏನಾರ ತಪ್ತೋ, ನಾನು ಸುನಂದಮ್ಮನ ಮುಂದೆ ತಲೆ ಎತ್ಕಂಡು ತಿರುಗಂಗಿಲ್ಲ, ನೋಡ್ಕಳಿ,” ಎಂದು ಎಚ್ಚರಿಸಿದಳು. ಎದುರು ಮನೆಯ ಸುನಂದಮ್ಮನ ಅಳಿಯ ಪಟ್ಟಣದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿ ಆಗಲೇ ಎರಡು ವರ್ಷವಾಗಿತ್ತು.

ಗೌರೀಶ ಮೊಬೈಲಿನ ವಿಡಿಯೋ ನೋಡಿ ಐದು ಸನ್ನೆ ಕಲಿತ. ಅವು ಯಾವ ದೇಶದ ಸನ್ನೆಗಳೋ ಅವನಿಗೆ ತಿಳಿಯದು. ಮಿಕ್ಕವನ್ನು ಸ್ಥಳದಲ್ಲೇ ಸೃಷ್ಟಿಸಬಹುದೆಂಬ ಧೈರ್ಯ ಅವನದು.

ಆ ದಿನ ಬಂತು. ಪಾಸ್ಟರು ಯಾವುದೋ ಸಾವಿನ ಮನೆಗೆಂದು ಕೆ.ಆರ್. ನಗರಕ್ಕೆ ಹೋಗಬೇಕಾಯಿತು; ನಾಲ್ಕು ಗಂಟೆಗೆ ಬರುವುದಾಗಿ ಹೇಳಿ ಹೋದರು. ಗೌರೀಶ ತನ್ನ ಮದುವೆಯ ನೀಲಿ ಕೋಟು ತೊಟ್ಟು, ಹುರಿ ಬಿಗಿದ ಹಾಸಿಗೆಯ ಸುರುಳಿಯಂತೆ ನಿಂತ. ತೋಳು ಎಷ್ಟು ಬಿಗಿಯಾಗಿತ್ತೆಂದರೆ ಮೊಣಕೈ ಮಡಿಸುವುದೇ ಒಂದು ಸಾಹಸವಾಗಿತ್ತು.

ಕೇಂದ್ರದ ಅಡುಗೆಯ ಬೀರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕಾಡಂಚಿನ ಹಾಡಿಯವಳು, ಮಗಳು ರೇಣುಕಾ ಹುಟ್ಟುಕಿವುಡಿ. ಮಗಳ ಜೊತೆ ಇಪ್ಪತ್ತು ವರ್ಷಗಳಿಂದ ಕೈಯಲ್ಲೇ ಜಗಳವಾಡಿ ಕೈಯಲ್ಲೇ ರಾಜಿಯಾದವಳು.

“ಗೌರೀಶಪ್ಪ, ತೊಡಕಾದ್ರೆ ಕರೀರಿ. ನಂಗೂ ಒಸಿ ಕೈಮಾತು ಗೊತ್ತು.”

“ನೀನು ಉಪ್ಪಿಟ್ಟು ನೋಡ್ಕಳಮ್ಮಾ,” ಎಂದ ಗೌರೀಶ.

ಗೊಬ್ಬರದಂಗಡಿಯ ಚನ್ನಬಸವಣ್ಣ, ಯಾರೂ ಕೇಳದಿದ್ದರೂ, ಧ್ವನಿವರ್ಧಕ ತಂದು ಕಟ್ಟಿಸಿದ್ದ. “ಫಾರಿನ್ನೋರು ಬತ್ತಾವ್ರೆ, ಮೈಕ್ ಇಲ್ದಿದ್ರೆ ಊರಿನ ಮರ್ವಾದೆ ಏನಾಗ್ಬೇಕ್ಲಾ?” ಎಂಬುದು ಅವನ ವಾದ. ಅತಿಥಿಗಳು ಬಂದು ಕುಳಿತೊಡನೆ ಅವನು ಗುಂಡಿ ಒತ್ತಿದ. ನೂರು ಹಂದಿಗಳನ್ನು ಒಟ್ಟಿಗೆ ತುಳಿದಂತೆ ಧ್ವನಿವರ್ಧಕ ಕಿರುಚಿತು. ಬಾಗಿಲಲ್ಲಿ ನೆರೆದಿದ್ದ ಬೀದಿಯವರೆಲ್ಲ ಕಿವಿ ಮುಚ್ಚಿಕೊಂಡರು. ಎಂಟು ಮಂದಿ ಅತಿಥಿಗಳು ಮಾತ್ರ ಮುಗುಳ್ನಗುತ್ತ ಕುಳಿತೇ ಇದ್ದರು.

“ಶಿಸ್ತು ಅಂದ್ರೆ ಇದು ಕಣಯ್ಯ,” ಎಂದು ಮೆಚ್ಚಿದ ಗೌರೀಶ.

ಅವನು ಅತಿಥಿಗಳ ಮುಂದೆ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಗುಡುಗಿದ. ತಂಡದ ಹಿರಿಯಳು, ಬೆಳ್ಳಿಗೂದಲಿನ ರೂತ್ ಎಂಬಾಕೆ, ಅವನ ತುಟಿಗಳನ್ನೇ ದಿಟ್ಟಿಸುತ್ತಿದ್ದಳು. ತನ್ನ ಉಚ್ಚಾರಣೆಗೆ ಮಾರುಹೋಗಿದ್ದಾಳೆಂದು ಗೌರೀಶ ಭಾವಿಸಿದ.

ಅನಂತರ ಕೇಂದ್ರದ ಕಿವುಡರತ್ತ ತಿರುಗಿ ಕೈಮಾತಿಗೆ ಇಳಿದ. ‘ದೇವರು’ ಎನ್ನಲು ಆಕಾಶ ತೋರಿಸಿದ. ಮುಂದಿನ ಸಾಲಿನ ಮಾದ ಎದ್ದು ಹೋಗಿ, ಒಣಗಲು ಹಾಕಿದ್ದ ಬಟ್ಟೆಗಳನ್ನು ಒಳಗೆ ತಂದ. ‘ಪ್ರೀತಿ’ ಎನ್ನಲು ತನ್ನನ್ನು ತಾನೇ ತಬ್ಬಿಕೊಂಡ. ರೇಣುಕಾ ಮರುಕದಿಂದ ಕಂಬಳಿ ತಂದು ಹೊದಿಸಿದಳು.

“ಚಳಿಜ್ವರವೇನಯ್ಯ?” ಎಂದು ಬಾಗಿಲಿಂದ ಕೂಗಿದ ಚನ್ನಬಸವಣ್ಣ.

ಕಂಬಳಿಯೊಳಗೆ ಬೇಯುತ್ತಿದ್ದ ಗೌರೀಶ ‘ವಂದನೆ’ ಹೇಳಿ ಮುಗಿಸಲು ನಿಶ್ಚಯಿಸಿದ. ವಿಡಿಯೋದ ಪ್ರಕಾರ ಗಲ್ಲ ಮುಟ್ಟಿದ ಅಂಗೈ ಮೃದುವಾಗಿ ಮುಂದೆ ಬರಬೇಕು. ಆದರೆ ಕೋಟಿನ ತೋಳು ಎಳೆಯಿತು. ಕೈ ಗಲ್ಲ ತಪ್ಪಿ ಮೂಗಿಗೆ ತಗುಲಿತು, ಅಲ್ಲಿಂದ ತೂಗಾಡುತ್ತ ಉದ್ದಕ್ಕೆ ಚಾಚಿತು.

ಹಿಂದಿನ ವಾರವಷ್ಟೇ ಕಾಡಾನೆಯೊಂದು ಕೇಂದ್ರದ ಕಾಂಪೌಂಡು ಕೆಡವಿ ಹಲಸಿನ ಮರವನ್ನು ಬೋಳಿಸಿ ಹೋಗಿತ್ತು. ಅಂದಿನಿಂದ ಕಟ್ಟುನಿಟ್ಟಾದ ಒಂದು ನಿಯಮ ಜಾರಿಯಲ್ಲಿತ್ತು: ಆನೆಯ ಸನ್ನೆ ಕಂಡ ಕೂಡಲೇ ತಾರಸಿ ಹತ್ತುವುದು. ಮಾದ ಮೊದಲು ಎದ್ದ. ಹದಿನಾಲ್ಕು ಮಂದಿ ಕಿವುಡರೂ ಮೆಟ್ಟಿಲ ಕಡೆಗೆ ಧಾವಿಸಿದರು. ಆದರೆ ಎಲ್ಲರಿಗಿಂತ ಮುಂಚೆ ತಾರಸಿ ಮುಟ್ಟಿದವರು ಕೆನಡಾದ ಎಂಟು ಮಂದಿ. ಯಾರೂ ಅನುವಾದಿಸದೆಯೇ ಅವರಿಗೆ ಅರ್ಥವಾಗಿತ್ತು. ಅವರ ಹಿಂದೆ ಬೀದಿಯವರೂ ನುಗ್ಗಿದರು; ಧ್ವನಿವರ್ಧಕ ನೆಲಕ್ಕುರುಳಿತು, ಉಪ್ಪಿಟ್ಟಿನ ಪಾತ್ರೆಯೊಳಗೆ ಚನ್ನಬಸವಣ್ಣನ ಒಂದು ಕಾಲು ಹೋಗಿ ಬಂತು.

ಗೌರೀಶ ಅಂಗಳದಲ್ಲಿ ನಿಂತು ಇಂಗ್ಲಿಷಿನಲ್ಲಿ, “ನೋ ಎಲಿಫೆಂಟ್! ನೋ ಎಲಿಫೆಂಟ್!” ಎಂದು ಗಂಟಲು ಹರಿಯುವಂತೆ ಕೂಗಿದ. ಅತಿಥಿಗಳಲ್ಲಿ ಒಬ್ಬರಾದರೂ ತಿರುಗಿ ನೋಡಲಿಲ್ಲ. ಮೇಲೆ ರೂತಳ ಕೈಗಳು ಕುಣಿಯುತ್ತಿದ್ದವು, ರೇಣುಕಾಳ ಕೈಗಳು ಉತ್ತರಿಸುತ್ತಿದ್ದವು. ದೇಶ ಬೇರೆ, ಸನ್ನೆ ಬೇರೆ. ಆದರೂ ತಡವರಿಸಿ, ತಿದ್ದಿಕೊಂಡು, ಐದೇ ನಿಮಿಷದಲ್ಲಿ ಇಬ್ಬರೂ ಹೊಟ್ಟೆ ಹಿಡಿದು ನಗತೊಡಗಿದರು.

ಬೀರಮ್ಮ ತಾರಸಿಯಿಂದ ಬಗ್ಗಿ ನೋಡಿದಳು. “ಗೌರೀಶಪ್ಪೋ, ಸುಮ್ಕೆ ಯಾಕೆ ಅರಚ್ಕತೀರಿ? ಅವ್ರ್ಗೂ ಕಿವಿ ಕೇಳಾಕಿಲ್ಲ ಕಣ್ರೀ! ಎಂಟು ಜನಕ್ಕೂ! ಕಾಗ್ದದಾಗೇ ಬರ್ದಿದ್ವಿ ಅಂತಾವ್ರೆ.”

ಗೌರೀಶನಿಗೆ ಆ ಆಧಾರ್ ಕಾರ್ಡಿನ ಮುಖ ಕಣ್ಣ ಮುಂದೆ ಬಂತು.

ನಾಲ್ಕು ಗಂಟೆಗೆ ಪಾಸ್ಟರು ಮರಳಿದಾಗ ಕೇಂದ್ರವೆಲ್ಲ ನಗುವಿನಲ್ಲಿ ಮುಳುಗಿತ್ತು. ರೂತ್ ಒಂದು ಚೀಟಿ ಬರೆದು ಅವರ ಕೈಗಿತ್ತಳು. ಅವರು ಅದನ್ನು ಸಹಜವಾಗಿಯೇ ಗೌರೀಶನಿಗೆ ದಾಟಿಸಿದರು. “ಗಟ್ಟಿಯಾಗಿ ಕನ್ನಡದಲ್ಲಿ ಓದಪ್ಪಾ, ಎಲ್ರೂ ಕೇಳ್ಲಿ.”

ಗೌರೀಶ ಚೀಟಿ ನೋಡಿದ. ದುರದೃಷ್ಟಕ್ಕೆ ಅದರ ಇಂಗ್ಲಿಷ್ ತೀರ ಸುಲಭವಾಗಿತ್ತು. ಬೇರೇನಾದರೂ ಓದಿಬಿಡಬಹುದಿತ್ತು, ಆದರೆ ಚೀಟಿಯ ಸಂಗತಿಯನ್ನು ಕೈಮಾತಿನಲ್ಲೇ ತಿಳಿದುಕೊಂಡಿದ್ದ ಬೀರಮ್ಮ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನು ಓದಿದ:

“ಇಲ್ಲಿಯವರಿಗೆಲ್ಲ ಮಾತಿಗೆ ಜೊತೆಯಿದೆ, ಮನೆಯಿದೆ, ಕಸುಬಿದೆ. ನಾವು ಬಂದದ್ದು ವ್ಯರ್ಥವಾಯಿತೇನೋ ಎಂದುಕೊಂಡೆವು. ಆಗ ನೀಲಿ ಕೋಟಿನ ಈ ಮಹನೀಯರು ಕಂಡರು. ಬೆಳಗಿನಿಂದ ಬಾಯಿ ಆಡಿಸುತ್ತಿದ್ದಾರೆ, ಕೈ ಆಡಿಸುತ್ತಿದ್ದಾರೆ. ಇವರ ಮಾತು ತಿಳಿಯುವವರು ಲೋಕದಲ್ಲಿ ಒಬ್ಬರೂ ಇಲ್ಲ. ನಮ್ಮ ಹತ್ತು ದಿನಗಳ ಸೇವೆಯನ್ನೂ ಇವರಿಗೇ ಅರ್ಪಿಸುತ್ತೇವೆ. ಪಾಠ ನಾಳೆ ಬೆಳಗ್ಗೆ ಆರಕ್ಕೆ.”

ಎಂಟು ಮಂದಿಯೂ ಸುತ್ತುವರಿದು ಅವನ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥನೆಗೆ ಕಣ್ಣು ಮುಚ್ಚಿದರು. ಮೇಲ್ವಿಚಾರಕರ ಕುರ್ಚಿ ಬೀರಮ್ಮನ ಪಾಲಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಕಿವುಡರಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿಡುವ ವಾಡಿಕೆಯುಂಟು. ಗೌರೀಶನ ನಾಮಕರಣ ತಾರಸಿಯ ಮೇಲೆಯೇ ನಡೆದುಹೋಗಿತ್ತು. ಮನೆಗೆ ಮರಳುವ ದಾರಿಯಲ್ಲಿ ಚನ್ನಬಸವಣ್ಣ ಅಂಗಡಿಯಿಂದಲೇ ಮೂಗಿಗೆ ಕೈಯಿಟ್ಟು ಉದ್ದಕ್ಕೆ ತೂಗಿದ. ಸುನಂದಮ್ಮ ಜಗಲಿಯಿಂದ ತೂಗಿದಳು.

ಗೌರೀಶ ಬಾಗಿಲು ತಟ್ಟಿದ. ಉಷಾರಾಣಿ ತೆರೆದಳು. ಬೈಗುಳದ ಮಳೆ ನಿರೀಕ್ಷಿಸಿ ಅವನು ತಲೆ ತಗ್ಗಿಸಿ ನಿಂತ. ಅವಳು ಬಲಗೈಯನ್ನು ಮೆಲ್ಲಗೆ ಮೂಗಿಗೆ ತಂದಳು.