ಮಗಳಿಗೆ ಅಚ್ಚುಕಟ್ಟು ಕಲಿಸಿದ ಫಿದೆನ್ಸಿಯೊ

"ಇಪ್ಪತ್ತೇ ದಿನ! ಇಪ್ಪತ್ತು ದಿನದಲ್ಲಿ ಈ ಹುಡುಗಿ ತಲೇನ ಒಪ್ಪವಾಗಿ ಜೋಡಿಸಿದ ಕಪಾಟು ಮಾಡಿಬಿಡ್ತೀನಿ, ನೋಡ್ತಾ ಇರು!"

ಪ್ವೆಬ್ಲಾ ಊರಿನ ಫಿದೆನ್ಸಿಯೊ ಶಾಲೆಯ ಪೋಷಕರ ಸಭೆಯಿಂದ ಬಂದವನೇ, ಟೋಪಿ ಕೂಡ ತೆಗೆಯದೆ, ಹೀಗೆ ಘೋಷಿಸಿದ. ಜನವರಿಯಲ್ಲಿ, ಬಾಲಯೇಸುವನ್ನು ಕಾಣಬಂದ ಮೂರು ರಾಯರ ಹಬ್ಬ ಮುಗಿದು ಶಾಲೆ ತೆರೆದ ವಾರ ಅದು. ಸಭೆಯಲ್ಲಿ ಮನಶ್ಶಾಸ್ತ್ರದ ಮೇಡಂ ಹೇಳಿದ್ದು ಅವನ ಮಟ್ಟಿಗೆ ದೇವವಾಣಿಯೇ ಆಗಿತ್ತು: ಮಕ್ಕಳಿಗೆ ವಸ್ತು ಜೋಡಿಸುವುದು, ಪಟ್ಟಿ ಮಾಡುವುದು, ಹಿಡಿದ ಕೆಲಸ ಮುಗಿಸುವುದು ಕಲಿಸಿದರೆ ಹಣೆಯ ಹಿಂದಿನ ಮಿದುಳು ಚುರುಕಾಗುತ್ತದಂತೆ, ದಿನಾ ನಡೆದ ಕಾಲುದಾರಿಯಂತೆ ಒಳಗಿನ ದಾರಿಗಳು ಗಟ್ಟಿಯಾಗುತ್ತವಂತೆ!

"ಮೊದಲು ನಿಮ್ಮ ಇನ್ನೊಂದು ಕಾಲುಚೀಲ ಹುಡುಕಿಕೊಳ್ಳಿ," ಎಂದಳು ಹೆಂಡತಿ ನೋರ್ಮಾ.

"ನನ್ನ ಮಾತು ಬಿಡೇ! ನಾನು ಗುರು. ಗುರು ಹೇಳಬೇಕು, ಶಿಷ್ಯೆ ಮಾಡಬೇಕು."

ಶಿಷ್ಯೆ ಇಟ್ಜೆಲ್‌ಗೆ ಏಳು ವರ್ಷ. ಅವಳ ಕೈಗೊಂದು ಪುಸ್ತಕ ಕೊಟ್ಟು ಫಿದೆನ್ಸಿಯೊ ತನ್ನ ಶಾಸನ ಹೊರಡಿಸಿದ. ಪ್ರತಿ ವಸ್ತುವೂ ಅದರದರ ಮನೆ ಸೇರಬೇಕು. ಮಾಡಿದ ಕೆಲಸ ಪುಸ್ತಕದಲ್ಲಿ ಬರೆಯಬೇಕು, ಅಪ್ಪ ದಿನಾ ಸಹಿ ಹಾಕುತ್ತಾನೆ. ದೊಡ್ಡವರು ಕೆಲಸದಲ್ಲಿದ್ದಾಗ ನಡುವೆ ಬಾಯಿ ಹಾಕಬಾರದು. ಹೇಳುವುದಿದ್ದರೆ ಅದೂ ಪುಸ್ತಕಕ್ಕೇ!

ಮೊದಲ ಮೂರು ದಿನ ಸ್ವರ್ಗ. ಕ್ರಿಸ್‌ಮಸ್‌ಗೆ ಕೂರಿಸಿದ್ದ ಗೋದಲಿಯ ದನ, ಕುರಿ, ಕುರುಬರು, ಬಾಲಯೇಸು ಎಲ್ಲವನ್ನೂ ಹುಡುಗಿ ತಾನೇ ಪೆಟ್ಟಿಗೆಗೆ ತುಂಬಿ, ಮುಚ್ಚಳಕ್ಕೆ ಚೀಟಿ ಅಂಟಿಸಿದಾಗ ಫಿದೆನ್ಸಿಯೊನ ಎದೆ ಉಬ್ಬಿತು. "ಫೆಬ್ರವರಿ ಎರಡು, ಕ್ಯಾಂಡೆಲಾರಿಯ ಹಬ್ಬದವರೆಗೂ ಗೋದಲಿ ಇರಬೇಕಲ್ರೀ," ಎಂದು ನೋರ್ಮಾ ಗೊಣಗಿದ್ದು ಆ ಉಬ್ಬಿದ ಎದೆಗೆ ಬಡಿದು ಕೆಳಗೆ ಬಿತ್ತು.

ನಾಲ್ಕನೆಯ ದಿನದಿಂದ ಗ್ರಹಚಾರ ಶುರುವಾಯಿತು. ಹಲ್ಲುಜ್ಜುವ ಬ್ರಶ್, ಬೂಟಿನ ಬ್ರಶ್, ಕಕ್ಕಸಿನ ಬ್ರಶ್ ಮೂರೂ ಒಂದೇ ಡಬ್ಬಿಯಲ್ಲಿ ಸಂಸಾರ ಹೂಡಿದವು. 'ಉರಿಯುವ ವಸ್ತುಗಳು' ಎಂದು ಬರೆದ ಗೂಡಿನಲ್ಲಿ ಮೊಣಕಾಲಿನ ಮುಲಾಮಿನ ಪಕ್ಕವೇ ರುಬ್ಬಿದ ಮೆಣಸಿನಕಾಯಿ ಕುಳಿತಿತ್ತು. ಕನ್ನಡಕ ಹುಡುಕುವ ಮೊದಲೇ ಮುಲಾಮಿಗೆ ಕೈ ಹಾಕಿದ ಫಿದೆನ್ಸಿಯೊ ಆ ಬೆಳಿಗ್ಗೆ ಕುಣಿದ ಕುಣಿತ ಬೀದಿಗೆಲ್ಲ ಕೇಳಿಸಿತು! ಆದರೂ ಸಂಜೆ ಪುಸ್ತಕಕ್ಕೆ ಸಹಿ ಹಾಕಿದ. ಓದಲಿಲ್ಲ. ಗುರುಗಳು ಓದುತ್ತಾರೆಯೇ?

ಫೆಬ್ರವರಿ ಒಂದರಂದು ಆಕಾಶ ಕಳಚಿ ಬಿತ್ತು. ಮರುದಿನ ಕ್ಯಾಂಡೆಲಾರಿಯ, ಬಾಲಯೇಸುವಿಗೆ ಹೊಸ ಬಟ್ಟೆ ತೊಡಿಸಿ ಚರ್ಚಿಗೆ ಎತ್ತಿಕೊಂಡು ಹೋಗಬೇಕು. ನೋರ್ಮಾ ಪೆಟ್ಟಿಗೆ ತೆರೆದಳು. ದನ ಒಂದು, ಕತ್ತೆ ಒಂದು, ಕುರಿ ಏಳು. ಬಾಲಯೇಸು ಇಲ್ಲ!

ಅದೇನು ಅಂಗಡಿಯ ಬೊಂಬೆಯೇ? ನೋರ್ಮಾಳ ಅಜ್ಜಿಯ ಕಾಲದ್ದು. ಬಲಗೈಯ ಎರಡು ಬೆರಳು ಮುರಿದಿದ್ದರೂ ಮನೆತನವೇ ಅದಕ್ಕೆ ಕೈ ಮುಗಿಯುತ್ತಿತ್ತು. ಅವಳಮ್ಮ ದೋನ್ಯಾ ಕುಕಾ ಈ ವರ್ಷ ಮೊದಲ ಬಾರಿಗೆ ಅದನ್ನು ಇವರ ಮನೆಗೆ ಕೊಟ್ಟು ಹೇಳಿದ್ದಳು: "ಹಬ್ಬದ ತನಕ ಜೋಪಾನವಾಗಿ ನೋಡ್ಕೊ. ನೋಡ್ಕೊಂಡ್ರೆ ಇನ್ಮೇಲೆ ನಿಂದೇ. ಇಲ್ದಿದ್ರೆ ನಿನ್ನ ಅಕ್ಕನಿಗೆ."

"ಹುಟ್ಟಿದಾಗಿಂದ ಅಮ್ಮ ಎಲ್ಲಾನೂ ಅಕ್ಕನಿಗೇ ಕೊಟ್ಳು ರೀ," ನೋರ್ಮಾ ನೆಲಕ್ಕೆ ಕುಸಿದು ಅತ್ತಳು. "ಇದೊಂದನ್ನ ನನ್ನ ನಂಬಿ ಕೊಟ್ಟಿದ್ಳು. ಇಟ್ಜೆಲ್‌ನ ಕೇಳೋಣ."

"ಬೇಡ್ವೇ! ಅವಳು ದಿನಾ ಅಜ್ಜಿ ಹತ್ರ ಫೋನಲ್ಲಿ ಮಾತಾಡ್ತಾಳೆ. ಕೇಳಿದ್ರೆ ಅರ್ಧ ಗಂಟೇಲಿ ನಿಮ್ಮಮ್ಮನ ಕಿವಿಗೆ ಬಿತ್ತು ಅಂತ ತಿಳ್ಕೊ."

ಮಂಚದ ಕೆಳಗೆ, ಒಲೆಯ ಒಳಗೆ, ನೀರಿನ ತೊಟ್ಟಿಯಲ್ಲಿ ಗಂಡ ಹೆಂಡತಿ ತಡಕಾಡುತ್ತಿರುವಾಗ ಇಟ್ಜೆಲ್ ಬಂದು ನಿಂತಳು.

"ಅಪ್ಪಾ, ಏನ್ ಹುಡುಕ್ತಿದ್ದೀಯ?"

"ಏನಿಲ್ಲ! ನಡುವೆ ಬಾಯಿ ಹಾಕಬೇಡ. ಹೇಳೋದಿದ್ರೆ ಪುಸ್ತಕದಲ್ಲಿ ಬರಿ!"

ಹುಡುಗಿ ಹೋಗಿ ಬರೆದುಕೊಂಡಳು.

ಸಿಗಲಿಲ್ಲ. ಫಿದೆನ್ಸಿಯೊ ಮಾರುಕಟ್ಟೆಗೆ ಓಡಿದ. ಸಾಲುಸಾಲು ಬಾಲಯೇಸುಗಳು, ಬಣ್ಣ ಬಳಿಯುವವರು, ಅಂಗಿ ಹೊಲಿಯುವವರು.

"ಬಲಗೈಯ ಎರಡು ಬೆರಳು ಮುರಿದಿರೋದು ಇದೆಯೇನಮ್ಮಾ?"

ಅಂಗಡಿಯವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎಲ್ರೂ ಇಲ್ಲಿ ಬೆರಳು ಅಂಟಿಸ್ಕೊಳ್ಳೋಕೆ ಬರ್ತಾರೆ ಸ್ವಾಮಿ. ಮುರಿದದ್ದು ಕೇಳ್ಕೊಂಡು ಬಂದೋರು ನೀವೇ ಮೊದಲು. ಹೋಗಿ, ಮೊದಲು ಪಾದ್ರಿಗಳನ್ನ ಕಾಣಿ!"

ಕೊನೆಗೆ ಹತ್ತೂ ಬೆರಳಿನ ಮಗುವನ್ನೇ ತಂದು, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಇಕ್ಕಳ ಹಿಡಿದ. ನೋರ್ಮಾ ಶಿಲುಬೆಯ ಗುರುತು ಹಾಕಿಕೊಂಡು ಕಣ್ಣು ಮುಚ್ಚಿದಳು. ಪಟ್! ಪಟ್! ಎರಡು ಸಾಕಿತ್ತು, ಮೂರು ಹೋದವು. ಮೂರನೆಯದನ್ನು ಮೇಣದಲ್ಲಿ ಅಂಟಿಸಿ, ಕೆನ್ನೆಗೆ ಹಳೆಯ ಕಳೆ ಬರಲೆಂದು ಕಾಫಿ ಬಳಿದ. ನರಕದಲ್ಲಿ ತನಗೆ ಯಾವ ಮೂಲೆ ಕಾದಿರಿಸಿದ್ದಾರೋ ಎಂದು ಯೋಚಿಸುತ್ತ ಕೈ ತೊಳೆದುಕೊಂಡ.

ಮರುದಿನ ಬೆಳಿಗ್ಗೆ ದೋನ್ಯಾ ಕುಕಾ ತ್ಲಾಸ್ಕಾಲದಿಂದ ಬಸ್ಸಿಳಿದು ಬಂದಳು. ಬಿಳಿ ಅಂಗಿ ತೊಟ್ಟ ಮಗುವನ್ನು ನೋರ್ಮಾ ಅಮ್ಮನ ಕೈಗೆ ಒಪ್ಪಿಸಿದಳು. ಮುದುಕಿ ಕೆನ್ನೆ ಸವರಿ, ಬೆರಳನ್ನು ಮೂಸಿ ನೋಡಿದಳು.

"ಅಳಿಯಂದ್ರೇ, ಈ ಮಗು ಕಾಫಿ ಕುಡಿಯುತ್ತಾ?"

"ಅದು... ಅತ್ತೇ... ಚಳಿ ನೋಡಿ..."

ದೋನ್ಯಾ ಕುಕಾ ಚೀಲ ಬಿಚ್ಚಿದಳು. ಶಾಲಿನೊಳಗೆ ಅಸಲಿ ಬಾಲಯೇಸು ಮಲಗಿತ್ತು! ಹೊಟ್ಟೆಯ ಮೇಲೆ ಗುಂಡು ಅಕ್ಷರದ ಚೀಟಿ: 'ಇದು ಅಜ್ಜಿಯದು. ಅಜ್ಜಿ ಮನೆಗೆ.'

"ನಿಮ್ಮ ಷಡ್ಡಕ ಹೋದ ತಿಂಗಳು ಇಲ್ಲಿಗೆ ಬಂದಿದ್ನಲ್ಲ, ಅವನ ಕೈಲಿ ಇಟ್ಜೆಲ್ ಕಳಿಸಿದ್ಳು. ಹನ್ನೆರಡು ದಿನ ಕಾದೆ ಕಣೇ ನೋರ್ಮಾ. 'ಅಮ್ಮಾ, ಕಳೆದುಹೋಯ್ತು' ಅಂತ ಒಂದು ಮಾತು ಹೇಳ್ತೀಯೇನೋ ಅಂತ. ಹೇಳಿದ್ರೆ ಬೈದು ನಿನಗೇ ಕೊಡ್ತಿದ್ದೆ."

ನೋರ್ಮಾಳಿಗೆ ಅಳುವುದಕ್ಕೂ ನಾಚಿಕೆಯಾಯಿತು. ಫಿದೆನ್ಸಿಯೊ ಮಗಳ ಮೇಲೆ ಹರಿಹಾಯ್ದ.

"ಯಾಕೆ ಹೇಳಲಿಲ್ಲ ನೀನು?"

ಇಟ್ಜೆಲ್ ಪುಸ್ತಕದ ಹಾಳೆ ತಿರುವಿದಳು. ಜನವರಿ ಇಪ್ಪತ್ತೊಂದು: 'ಬಾಲಯೇಸುವನ್ನು ದೊಡ್ಡಪ್ಪನ ಕೈಲಿ ಕಳಿಸಿದೆ.' ಕೆಳಗೆ ಬಾಲ ಸುತ್ತಿದ ದೊಡ್ಡ ಸಹಿ, ಫಿದೆನ್ಸಿಯೊನದು. ಫೆಬ್ರವರಿ ಒಂದು: 'ಅಪ್ಪ ಹುಡುಕುತ್ತಿರುವುದು ಅದನ್ನೇ ಇರಬೇಕು.' ಅಲ್ಲೂ ಅದೇ ಸಹಿ!

ದೋನ್ಯಾ ಕುಕಾ ಮೊಮ್ಮಗಳನ್ನು ಹತ್ತಿರ ಕರೆದು ಬಾಲಯೇಸುವನ್ನು ಅವಳ ತೋಳಿಗಿಟ್ಟಳು. "ಇವತ್ತಿಂದ ಇದು ನಿಂದು. ನಿಮ್ಮಮ್ಮಂದೂ ಅಲ್ಲ, ದೊಡ್ಡಮ್ಮಂದೂ ಅಲ್ಲ. ಈ ಮನೇಲಿ ತಲೆ ನೆಟ್ಟಗಿರೋದು ನಿಂಗೊಬ್ಳಿಗೇ. ಪುಟ್ಟೀ, ನಿಮ್ಮಪ್ಪಂಗೂ ಒಂದಿಷ್ಟು ಕಲಿಸೇ."

ಇಟ್ಜೆಲ್ ಅಪ್ಪನ ಹಣೆಯನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ನಿಜವಾದ ಮರುಕವಿತ್ತು.

"ಆಗಲ್ಲ ಅಜ್ಜಿ. ಮೇಡಂ ಹೇಳಿದಾರೆ, ಚಿಕ್ಕೋರಿದ್ದಾಗ್ಲೇ ಕಲಿಸ್ಬೇಕಂತೆ."